ಬಾನೆಟ್ ಪಕ್ಕದ ಮೂರು ಮಿಲಿಮೀಟರ್

ಕಾರಿನ ಬಾನೆಟ್ಟಿಗೂ ಫೆಂಡರಿಗೂ ನಡುವಿನ ಸಂದು ಒಂದು ತುದಿಯಲ್ಲಿ 3 ಮಿ.ಮೀ., ಇನ್ನೊಂದು ತುದಿಯಲ್ಲಿ 5 ಮಿ.ಮೀ. ಇದ್ದರೆ ಕಾರು ಓಡುವುದಕ್ಕೆ ಏನೂ ಅಡ್ಡಿಯಿಲ್ಲ. ಮೈಲೇಜ್ ಇಳಿಯದು, ಬ್ರೇಕ್ ಕೆಡದು. ಆದರೂ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಹಳೆ ಕಾರು ನೋಡಲು ಬಂದ ಅನುಭವಿ ಮಿಸ್ತ್ರಿ ಎಂಜಿನ್ ಚಾಲೂ ಮಾಡುವ ಮೊದಲೇ ಮೂಲೆಯಲ್ಲಿ ನಿಂತು, ತುಸು ಬಗ್ಗಿ, ಹೆಡ್‌ಲೈಟಿನಿಂದ ಡಿಕ್ಕಿಯವರೆಗೆ ಕಣ್ಣು ಹಾಯಿಸುತ್ತಾನೆ. "ಫಿಟಿಂಗ್ ಬರೋಬ್ಬರಿ ಇಲ್ರೀ, ಮುಂದ ಹೊಡ್ತ ಬಿದ್ದೈತಿ" ಎಂದುಬಿಡುತ್ತಾನೆ. ಇದನ್ನು ಕೊಂಕು ತೆಗೆಯುವ ಚಟ ಎನ್ನುವವರಿದ್ದಾರೆ. ನನ್ನ ಪ್ರಕಾರ ಕಾರಿನ ವಿಷಯದಲ್ಲಿ ಬರಿಗಣ್ಣಿನಿಂದ ಮಾಡಬಹುದಾದ ಅತ್ಯುತ್ತಮ ಪರೀಕ್ಷೆ ಇದೇ.

ಈ ಕೆಲಸಕ್ಕೆ ನಮ್ಮ ಕಣ್ಣು ಅಚ್ಚರಿಪಡುವಷ್ಟು ಚುರುಕು. ಒಂದು ಡಿಗ್ರಿ ಕೋನವನ್ನು 3,600 ಪಾಲು ಮಾಡಿದರೆ ಒಂದು ಪಾಲಿಗೆ ಆರ್ಕ್‌ಸೆಕೆಂಡ್ ಎನ್ನುತ್ತಾರೆ. ಅಕ್ಷಿಪಟಲದ ನಟ್ಟನಡುವೆ ಶಂಕುಕೋಶಗಳು ಸುಮಾರು 30 ಆರ್ಕ್‌ಸೆಕೆಂಡ್ ಅಂತರದಲ್ಲಿ ಕೂತಿವೆ. ಅದಕ್ಕಿಂತ ಸಣ್ಣದು ಕಾಣಬಾರದು ಎಂಬುದು ಸರಳ ಲೆಕ್ಕ. ಆದರೆ ಎರಡು ಗೆರೆಗಳು ಒಂದಕ್ಕೊಂದು ಸರಿದಿವೆಯೇ ಎಂದು ಹೋಲಿಸುವಾಗ ಮಿದುಳು ಅನೇಕ ಕೋಶಗಳ ಸಂಕೇತಗಳನ್ನು ಒಟ್ಟುಗೂಡಿಸಿ, 5ರಿಂದ 10 ಆರ್ಕ್‌ಸೆಕೆಂಡಿನಷ್ಟು ವ್ಯತ್ಯಾಸವನ್ನೂ ಗುರುತಿಸುತ್ತದೆ. 1975ರಲ್ಲಿ ಜೆರಾಲ್ಡ್ ವೆಸ್ಟ್‌ಹೈಮರ್ ಈ ಸಾಮರ್ಥ್ಯಕ್ಕೆ 'ಹೈಪರ್ ಅಕ್ಯುಟಿ' ಎಂದು ಹೆಸರಿಟ್ಟರು. ಒಳ್ಳೆಯ ಬೆಳಕಿನಲ್ಲಿ ಎರಡು ಮೀಟರ್ ದೂರ ನಿಂತರೆ 10 ಆರ್ಕ್‌ಸೆಕೆಂಡ್ ಎಂದರೆ ಸುಮಾರು 0.1 ಮಿ.ಮೀ. ವರ್ನಿಯರ್ ಕ್ಯಾಲಿಪರ್ ಓದುವಾಗ ನಾವು ಬಳಸುವುದೂ ಇದೇ ಶಕ್ತಿಯನ್ನು. ಹಾಗಾಗಿ ಎಲ್ಲ ಕಡೆ ಒಂದೇ ಸಮನೆ 5 ಮಿ.ಮೀ. ಇರುವ ಸಂದು ಕಣ್ಣಿಗೆ ಚುಚ್ಚುವುದಿಲ್ಲ. 3ರಿಂದ 4ಕ್ಕೆ ಓರೆಯಾಗಿ ಹೋಗುವ ಸಂದು ಚುಚ್ಚುತ್ತದೆ.

ಅಷ್ಟು ಸಮನಾಗಿ ಕೂರಿಸುವುದು ಏಕೆ ಕಷ್ಟ? ಕಾರಿನ ಮೈ ನೂರಾರು ತಗಡು ತುಂಡುಗಳನ್ನು ಸಾವಿರಾರು ಸ್ಪಾಟ್ ವೆಲ್ಡ್‌ಗಳಿಂದ ಸೇರಿಸಿ ಮಾಡಿದ್ದು. ಹೊರತಗಡಿನ ದಪ್ಪ ಸುಮಾರು 0.7 ಮಿ.ಮೀ. ಪ್ರೆಸ್ಸಿನಲ್ಲಿ ಒತ್ತಿ ಆಕಾರ ಕೊಟ್ಟ ತಗಡು ಡೈ ಬಿಟ್ಟ ಕೂಡಲೇ ತುಸು ಹಿಂದಕ್ಕೆ ಚಿಮ್ಮುತ್ತದೆ. ಉಕ್ಕು ಗಟ್ಟಿಯಾದಷ್ಟೂ ಈ ಚಿಮ್ಮುವಿಕೆ ಹೆಚ್ಚು. ಜಿಗ್‌ನಲ್ಲಿ ಬಿಗಿದು ಬೆಸುಗೆ ಹಾಕುವಾಗ ಇನ್ನಷ್ಟು ಸರಿಯುತ್ತದೆ. ಒಂಬತ್ತು ತುಂಡುಗಳು ಸಾಲಾಗಿ ಕೂಡುವಲ್ಲಿ ಪ್ರತಿಯೊಂದರಲ್ಲೂ ಅರ್ಧ ಮಿ.ಮೀ. ಏರುಪೇರು ಸಾಧ್ಯವಿದ್ದರೆ, ಅವು ಪರಸ್ಪರ ಸಂಬಂಧವಿಲ್ಲದೆ ಬರುವುದರಿಂದ, ಕೊನೆಯ ಏರುಪೇರು ಸುಮಾರು ಒಂದೂವರೆ ಮಿ.ಮೀ. ಆಗುತ್ತದೆ. ಅಮೆರಿಕದ ಕಾರ್ಖಾನೆಗಳು ಮತ್ತು ವಿಶ್ವವಿದ್ಯಾಲಯಗಳು 1992ರಲ್ಲಿ ಕಾರಿನ ಮೈಯ ಒಟ್ಟು ಏರುಪೇರನ್ನು 2 ಮಿ.ಮೀ.ಗೆ ಇಳಿಸಲೆಂದೇ ಒಂದು ದೊಡ್ಡ ಯೋಜನೆ ಕೈಗೊಂಡಿದ್ದವು. ಅದೇ ಕಾಲಕ್ಕೆ ಲೆಕ್ಸಸ್ ಕಂಪನಿ ತನ್ನ ಕಾರಿನ ಸಂದುಗಳ ಗುಂಟ ಒಂದು ಉಕ್ಕಿನ ಗುಂಡು ಉರುಳುವುದನ್ನು ಜಾಹೀರಾತಾಗಿ ತೋರಿಸಿತು.

ಜೋಡಿಸುವುದಕ್ಕೂ ಒಂದು ಕ್ರಮವಿದೆ, ಅದು ನನಗೆ ಬಹಳ ಇಷ್ಟ. ಹಿಂಚಕ್ರದ ಮೇಲಿನ ತಗಡು ಮೈಗೇ ಬೆಸೆದದ್ದು, ಅದನ್ನು ಅಲುಗಿಸುವಂತಿಲ್ಲ. ಆದ್ದರಿಂದ ಮೊದಲು ಅದಕ್ಕೆ ಹಿಂಬಾಗಿಲನ್ನು ಹೊಂದಿಸುತ್ತಾರೆ. ಹಿಂಬಾಗಿಲಿಗೆ ಮುಂಬಾಗಿಲು, ಮುಂಬಾಗಿಲಿಗೆ ಫೆಂಡರ್, ಕೊನೆಗೆ ಫೆಂಡರಿಗೆ ಬಾನೆಟ್. ಅಪಘಾತವಾದ ಕಾರನ್ನು ಕೂರಿಸುವ ಒಳ್ಳೆಯ ಟಿಂಕರ್ ಕೂಡ ಹೀಗೆಯೇ ಹಿಂದಿನಿಂದ ಮುಂದಕ್ಕೆ ಬರುತ್ತಾನೆ. ಅಳೆಯುವುದು ಸಂದಿನ ಅಗಲ ಒಂದನ್ನೇ ಅಲ್ಲ, ಮಟ್ಟವನ್ನೂ. ಹಿಂಬಾಗಿಲಿನ ಮುಂದಿನ ಅಂಚು ಮುಂಬಾಗಿಲಿಗಿಂತ ಕೂದಲೆಳೆಯಷ್ಟು ಒಳಗಿರಬೇಕು. ಹೊರಗೆ ಬಂದರೆ ಎದುರುಗಾಳಿ ಅಲ್ಲಿ ತಾಗಿ ಹೆದ್ದಾರಿಯಲ್ಲಿ ಶಿಳ್ಳೆ ಹೊಡೆಯುತ್ತದೆ.

ಸಂದನ್ನೇ ಇಲ್ಲವಾಗಿಸಬಾರದೇ ಎಂದರೆ ಬಿಸಿಲು ಬಿಡುವುದಿಲ್ಲ. ಇದಕ್ಕೆ ನಮ್ಮ ಧಾರವಾಡದ ಬಸ್ಸೇ ಸರಿಯಾದ ಉದಾಹರಣೆ. ಟಾಟಾ ಮೋಟರ್ಸ್ ಬ್ರೆಜಿಲಿನ ಮಾರ್ಕೊಪೋಲೊ ಜತೆ 2006ರಲ್ಲಿ ಕೈಜೋಡಿಸಿದ ಮೇಲೆ ಇಲ್ಲಿ ಬಸ್ಸಿನ ಮೈ ಕಟ್ಟುವ ದೊಡ್ಡ ಕಾರ್ಖಾನೆ ಬಂತು. 12 ಮೀಟರ್ ಉದ್ದದ ಬಸ್ಸಿನ ಉಕ್ಕಿನ ಚೌಕಟ್ಟು ತಾಪಮಾನ 30 ಡಿಗ್ರಿ ಏರಿದರೆ ಸುಮಾರು 4 ಮಿ.ಮೀ. ಉದ್ದವಾಗುತ್ತದೆ. ಅದರ ಮೇಲೆ ಅಷ್ಟೇ ಉದ್ದದ ಅಲ್ಯೂಮಿನಿಯಂ ಹೊದಿಕೆ ಇದ್ದರೆ ಅದು 8 ಮಿ.ಮೀ. ದಾಟಿ ಹಿಗ್ಗುತ್ತದೆ. ಒಂದೇ ಹಾಳೆಯನ್ನು ಎರಡೂ ತುದಿಗೆ ಬಿಗಿದರೆ ನಡುವೆ ಉಬ್ಬಲೇಬೇಕು. ಕಾರಿನ ಪ್ಲಾಸ್ಟಿಕ್ ಬಂಪರ್ ಉಕ್ಕಿಗಿಂತ ಹಲವು ಪಟ್ಟು ಹಿಗ್ಗುತ್ತದೆ. ಏಪ್ರಿಲ್ ಮಧ್ಯಾಹ್ನ ಬಿಸಿಲಿಗೆ ನಿಲ್ಲಿಸಿದ ಕಾರಿನ ಬಂಪರ್ ಸಂದು ಬೆಳಗಿನ ಸಂದಿಗಿಂತ ಕಿರಿದಾಗಿದ್ದರೆ ಅದು ದೋಷವಲ್ಲ. ಸಂದು ನೋಡುವುದಿದ್ದರೆ ಬೆಳಗಿನ ತಂಪಿನಲ್ಲಿ, ನೆರಳಿನಲ್ಲಿ ನೋಡಿ.

ಇನ್ನು ಸಂದನ್ನು ಓದುವ ಬಗೆ. ಮುಂಬಾಗಿಲಿನ ಹಿಡಿಕೆ ಇರುವ ತುದಿ ಮಾತ್ರ ಕೆಳಗಿಳಿದು ಮೈಮೇಲಿನ ಗೆರೆ ಹಿಂಬಾಗಿಲಿಗೆ ಕೂಡದಿದ್ದರೆ ಬಹುಮಟ್ಟಿಗೆ ಹಿಂಜ್ ಸವೆದಿದೆ. ಇದು ವಯಸ್ಸಿನ ಲಕ್ಷಣ, ಹೆದರಬೇಕಿಲ್ಲ. ಫೆಂಡರಿಗೂ ಮುಂಬಾಗಿಲಿಗೂ ನಡುವೆ ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಹೆದರಬೇಕು. ಮುಂದಿನಿಂದ ಜೋರಾಗಿ ಗುದ್ದಿ ಕೆಳಗಿನ ಚೌಕಟ್ಟು ಬಾಗಿದ ಕಾರುಗಳಲ್ಲಿ ಕಾಣುವ ಸಂದು ಅದು. ಬಾನೆಟ್, ಫೆಂಡರ್, ಬಾಗಿಲು ಬೋಲ್ಟಿನ ಮೇಲೆ ಕೂತವು, ಸಡಿಲಿಸಿ ಸರಿಪಡಿಸಬಹುದು. ಬೋಲ್ಟಿನ ತಲೆಯ ಬಣ್ಣ ಒಡೆದಿದ್ದರೆ ಯಾರೋ ಬಿಚ್ಚಿದ್ದಾರೆಂದು ಅರ್ಥ. ಪಿಲ್ಲರ್ ಬಾಗಿದ್ದರೆ ಬೋಲ್ಟ್ ತಿರುವಿ ಮರೆಮಾಡಲು ಆಗುವುದಿಲ್ಲ. ಮುಂದಿನ ಅಪಘಾತದಲ್ಲಿ ಒಳಗಿದ್ದವರನ್ನು ಕಾಯಬೇಕಾದದ್ದು ಆ ಪಿಲ್ಲರೇ.

ಸಂದು ನೇರವಾಗಿದೆ ಎಂಬ ಮಾತ್ರಕ್ಕೆ ಕಾರು ಶುದ್ಧ ಎನ್ನಲೂ ಬಾರದು. ದಪ್ಪಗೆ ಪುಟ್ಟಿ ಮೆತ್ತಿ ಅಂಚು ಕಟ್ಟುವ ಕೈಚಳಕವೂ ಇದೆ. ಉಕ್ಕಿನ ತಗಡಿನ ಮೇಲೆ ಅಯಸ್ಕಾಂತ ಇಟ್ಟು ನೋಡಿ, ಪುಟ್ಟಿ ದಪ್ಪವಿದ್ದಲ್ಲಿ ಅದು ಸರಿಯಾಗಿ ಅಂಟುವುದಿಲ್ಲ. ಕಾರ್ಖಾನೆಯ ಬಣ್ಣದ ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಮೀಟರ್ ಹಿಡಿದಾಗ ಒಂದೇ ಬಾಗಿಲಲ್ಲಿ ಅದರ ಹಲವು ಪಟ್ಟು ತೋರಿಸಿದರೆ ಕಾರಣ ಕೇಳಿ. ಎಡಗಡೆಯ ಸಂದನ್ನು ಬಲಗಡೆಯ ಸಂದಿನ ಜತೆ ಹೋಲಿಸಿ. ಎರಡೂ ಹೊಂದದಿದ್ದರೆ, ಕಾರನ್ನು ಲಿಫ್ಟಿಗೆ ಏರಿಸಿ ಕೆಳಗಿನ ಚೌಕಟ್ಟನ್ನು ತೋರಿಸುವವರೆಗೂ ಮುಂಗಡ ಕೊಡಬೇಡಿ.