ಜಗಲಿ ಗೋಡೆಯ ಪಾಠ

ಮಳೆಗಾಲ ಹಿಡಿಯಿತೆಂದರೆ ಮಾದಾಪುರದ ಕಡೆ ಆಟದ ಪೀರಿಯಡ್ ಜಗಲಿಗೆ ಬಂದುಬಿಡುತ್ತದೆ. ಮೈದಾನದಲ್ಲಿ ನೀರು, ಆಚೆ ತೋಟದ ಮೇಲೆ ಮಂಜು. ಕೊಡೆ ಬಿಡಿಸಿಟ್ಟು ಒಣಗಿಸುವುದು, ಬಿಸಿಯೂಟಕ್ಕೆ ಸಾಲಾಗಿ ಕೂರುವುದು, ಜಗಳ ಆಡುವುದು, ರಾಜಿ ಆಗುವುದು ಎಲ್ಲ ಅಲ್ಲೇ. ಮಡಿಕೇರಿಯಿಂದ ಸೋಮವಾರಪೇಟೆಗೆ ಹೋಗುವ ದಾರಿಯಲ್ಲಿರುವ ಈ ಊರಿನ ಸುತ್ತಮುತ್ತ ಸೆಪ್ಟೆಂಬರ್ ತನಕ ಮಕ್ಕಳ ಬಿಡುವೆಲ್ಲ ಕಳೆಯುವುದು ಮಾಡಿನ ಕೆಳಗಿನ ಉದ್ದನೆಯ ಜಗಲಿಯಲ್ಲಿ. ಶಾಲೆಗೆ ಚಿತ್ರ ಬರೆಸುತ್ತೇವೆ ಎಂದು ಹೊರಡುವ ಹಳೆ ವಿದ್ಯಾರ್ಥಿಗಳು, ದಾನಿಗಳು ರಸ್ತೆಗೆ ಕಾಣುವ ಕಾಂಪೌಂಡ್ ಗೋಡೆಯನ್ನು ಬಿಟ್ಟು ಮೊದಲು ನೋಡಬೇಕಾದದ್ದು ಈ ಜಗಲಿಯ ಗೋಡೆಯನ್ನು.

ಜಗಲಿಯಲ್ಲಿ ಕಥೆ ಬರೆಸುವುದು ನಮ್ಮ ಕಡೆ ಹೊಸದೇನಲ್ಲ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯಲ್ಲಿ 1780ರ ಪೊಳ್ಳಿಲೂರು ಕಾಳಗ ಮೂಡಿರುವುದು ಹಜಾರದ ಗೋಡೆಯ ಮೇಲೆ. ಶಾಲಾ ಪ್ರವಾಸಕ್ಕೆ ಹೋದ ಮಕ್ಕಳು ನಡೆಯುತ್ತ ನಡೆಯುತ್ತಲೇ ಯುದ್ಧವನ್ನು ಓದಿಬಿಡುತ್ತಾರೆ. ಕುಶಾಲನಗರ ದಾಟಿದರೆ ಸಿಗುವ ಬೈಲುಕುಪ್ಪೆಯ ಟಿಬೆಟನ್ನರ ಸಂಪ್ರದಾಯದಲ್ಲಿ ಹುಟ್ಟು-ಸಾವಿನ ಸುತ್ತನ್ನು ತೋರಿಸುವ ಭವಚಕ್ರವನ್ನು ವಿಹಾರದ ಬಾಗಿಲ ಪಕ್ಕದಲ್ಲೇ ಬರೆಯುತ್ತಾರೆ. ಒಳಗೆ ಹೋಗುವ ಮುಂಚೆ ಒಂದು ಪಾಠ ಆಗಿಹೋಗಿರುತ್ತದೆ.

ಶಾಲೆಯ ಮಟ್ಟಿಗೆ ಈ ವಿಚಾರವನ್ನು ಒಂದು ವಿದ್ಯೆಯಾಗಿ ಬೆಳೆಸಿದವರು ದೆಹಲಿಯ 'ವಿನ್ಯಾಸ್' ಸಂಸ್ಥೆಯ ವಾಸ್ತುಶಿಲ್ಪಿಗಳಾದ ಕಬೀರ್ ವಾಜಪೇಯಿ ಮತ್ತು ಪ್ರೀತಿ ವಾಜಪೇಯಿ. ರಾಜಸ್ಥಾನದ ಲೋಕ ಜುಂಬಿಶ್ ಯೋಜನೆಯ ಶಾಲೆಗಳಲ್ಲಿ ಮೊಳೆತು, ಯುನಿಸೆಫ್ ನೆರವಿನಿಂದ ಬೆಳೆದು, ಸರ್ವ ಶಿಕ್ಷಾ ಅಭಿಯಾನದ ಮೂಲಕ ದೇಶದ ಉದ್ದಗಲಕ್ಕೆ ಹೋದ ಈ ಪದ್ಧತಿಯ ಹೆಸರು 'ಬಾಲಾ'. ಕಟ್ಟಡವೇ ಕಲಿಕೆಯ ಸಾಧನ ಎಂಬುದು ಅದರ ತಿರುಳು. ಬಾಗಿಲು ತೆರೆಯುವ ಕಡೆ ನೆಲದ ಮೇಲೆ ಕೋನಮಾಪಕ ಬರೆದರೆ, ಬಾಗಿಲು ತಳ್ಳಿದ ಮಗು ನಲವತ್ತೈದು ಡಿಗ್ರಿ, ತೊಂಬತ್ತು ಡಿಗ್ರಿಯನ್ನು ಕೈಯಲ್ಲೇ ಅಳೆಯುತ್ತದೆ. ಫ್ಯಾನಿಗೆ ಬಣ್ಣ ಹಚ್ಚಿದರೆ ತಿರುಗುವಾಗ ಬಣ್ಣಗಳು ಬೆರೆಯುವುದು ಕಾಣುತ್ತದೆ. ಕಿಟಕಿಯ ಸರಳಿನ ಅಂತರದಲ್ಲಿ ಭಿನ್ನರಾಶಿ, ಗೋಡೆಯಲ್ಲಿ ಕೊರೆದ ಗೆರೆಯ ಮೇಲೆ ಬೆರಳಾಡಿಸಿ ಅಕ್ಷರದ ತಿರುವು. ನಮ್ಮಲ್ಲಿ 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿ ಕಲಿಕಾ ಪದ್ಧತಿಯೂ ಗೋಡೆಯನ್ನು ಮಕ್ಕಳ ಎತ್ತರಕ್ಕೆ ಇಳಿಸಿತ್ತು. ಕೂತೇ ಬರೆಯಬಹುದಾದ ಕಪ್ಪುಹಲಗೆ, ತಲೆಯ ಮೇಲೆ ಹಗ್ಗದ ಚಪ್ಪರ, ಕಲಿಕಾ ಏಣಿ, ಹವಾಮಾನ ನಕ್ಷೆ ಇವೆಲ್ಲ ಒಂದು ಮತ್ತು ಎರಡನೇ ತರಗತಿಯ ಮೇಷ್ಟ್ರು, ಮೇಡಂಗಳಿಗೆ ಹೊಸತಲ್ಲ.

ಹಾಗಾದರೆ ತರಗತಿಯ ಒಳಗೂ ನಾಲ್ಕು ಗೋಡೆ ತುಂಬಿಸಿಬಿಡೋಣವೇ? ಬೇಡ ಎನ್ನಲು ಒಂದು ಕಾರಣವಿದೆ. ಅಮೆರಿಕದ ಕಾರ್ನೆಗಿ ಮೆಲ್ಲನ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 24 ಪುಟ್ಟ ಮಕ್ಕಳಿಗೆ ಕೆಲವು ಪಾಠಗಳನ್ನು ಚಿತ್ರ ತುಂಬಿದ ಕೋಣೆಯಲ್ಲಿ, ಕೆಲವನ್ನು ಬೋಳು ಗೋಡೆಯ ಕೋಣೆಯಲ್ಲಿ ಹೇಳಿಕೊಟ್ಟರು. ಚಿತ್ರಗಳ ನಡುವೆ ಮಕ್ಕಳ ಗಮನ ಶೇ 39ರಷ್ಟು ಹೊತ್ತು ಬೇರೆಡೆಗೆ ಹೋಯಿತು. ಬೋಳು ಕೋಣೆಯಲ್ಲಿ ಶೇ 28. ಪರೀಕ್ಷೆಯ ಅಂಕವೂ ಬೋಳು ಕೋಣೆಯಲ್ಲೇ ಜಾಸ್ತಿ. ಪ್ರಯೋಗ ಚಿಕ್ಕದು, ಹೌದು. ಆದರೂ ಟೀಚರ್ ಮಾತಾಡುವಾಗ ಹಿಂದಿನಿಂದ ಕರೆಯುವ ಹುಲಿ, ಜಿಂಕೆಗಳನ್ನು ಜಗಲಿಗೆ ಕಳಿಸಿಬಿಡುವುದೇ ಸರಿ ಎನಿಸುತ್ತದೆ. ಅಲ್ಲಿ ಮಗು ತನಗೆ ಬೇಕಾದಾಗ ನಿಂತು ನೋಡುತ್ತದೆ, ಬೇಡವಾದಾಗ ಓಡಿಹೋಗುತ್ತದೆ.

ಏನು ಬರೆಸುತ್ತೀರಿ ಎಂಬಲ್ಲಿಗೆ ಬಂದರೆ ನನ್ನ ತಕರಾರುಗಳಿವೆ. ರಾಜ್ಯದಲ್ಲಿ ಈಚೆಗೆ ಶಾಲೆಗಳನ್ನು ರೈಲುಬೋಗಿಯಂತೆ ಚಿತ್ರಿಸುವುದು ಫ್ಯಾಷನ್. ಫೋಟೊಗೆ ಚೆಂದ, ರೈಲು ಹಳಿಯೇ ಇಲ್ಲದ ಕೊಡಗಿನಲ್ಲಿ ಅದು ಬರೀ ಬಣ್ಣವಾಗಿ ಉಳಿಯುತ್ತದೆ. ಮಹಾರಾಷ್ಟ್ರದ ವಾರ್ಲಿ ಕೈಕಾಲುಗಳು ಎಲ್ಲ ಕಾಂಪೌಂಡ್ ಮೇಲೂ ಕುಣಿಯುತ್ತವೆ, ಮಲೆನಾಡಿನ ದೀವರ ಹೆಣ್ಣುಮಕ್ಕಳ ಹಸೆ ಚಿತ್ತಾರ ಮಾತ್ರ ಅಪರೂಪ. ಅದರ ಗೆರೆಗಳಲ್ಲೇ ಸಮಾಂತರ, ಸಮ್ಮಿತಿ, ತ್ರಿಕೋನ ಎಲ್ಲ ಸಿಗುತ್ತಿತ್ತು. ಸೌರವ್ಯೂಹದ್ದು ಇನ್ನೊಂದು ಕಥೆ. ಗ್ರಹಗಳನ್ನು ಚೆಂಡಿನ ಹಾಗೆ ಒತ್ತೊತ್ತಾಗಿ ಜೋಡಿಸಿದರೆ ತಪ್ಪನ್ನೇ ಕಲಿಸಿದಂತೆ. ಮೂವತ್ತು ಮೀಟರ್ ಜಗಲಿ ಇದ್ದರೆ ಅದರ ಉದ್ದವನ್ನೇ ಬಳಸಬಹುದು: ಒಂದು ತುದಿಯಲ್ಲಿ ಸೂರ್ಯ, ಒಂದು ಮೀಟರಿಗೆ ಭೂಮಿ, ಒಂದೂವರೆಗೆ ಮಂಗಳ, ಐದು ದಾಟಿ ಗುರು, ಒಂಬತ್ತೂವರೆಗೆ ಶನಿ, ಹತ್ತೊಂಬತ್ತು ಕಳೆದು ಯುರೇನಸ್, ಇನ್ನೊಂದು ತುದಿಯಲ್ಲಿ ನೆಪ್ಚೂನ್. ಈ ಲೆಕ್ಕದಲ್ಲಿ ಸೂರ್ಯನ ಅಗಲ ಒಂಬತ್ತು ಮಿಲಿಮೀಟರ್, ಭೂಮಿ ಕಣ್ಣಿಗೆ ಬೀಳದಷ್ಟು ಸಣ್ಣದು. ಶನಿಯಿಂದ ನೆಪ್ಚೂನ್‌ಗೆ ಓಡಿ ಉಸಿರು ಬಿಟ್ಟ ಮಗುವಿಗೆ ಆಕಾಶ ಎಷ್ಟು ಖಾಲಿ ಎಂದು ಬೇರೆ ಹೇಳಬೇಕಿಲ್ಲ.

ಮಾದಾಪುರಕ್ಕೆ ಇದಕ್ಕಿಂತ ಒಪ್ಪುವ ವಿಷಯ ಮಳೆ. ಇಲ್ಲಿಯ ಪ್ಲಾಂಟರುಗಳು ಬೆಳಿಗ್ಗೆ ಎದುರಾದರೆ ಕೇಳುವುದೇ 'ಎಷ್ಟು ಇಂಚು ಬಂತು?' ಎಂದು, ಉತ್ತರ ಇಂಚು, ಸೆಂಟುಗಳಲ್ಲಿ (ಸೆಂಟೆಂದರೆ ಇಂಚಿನ ನೂರರಲ್ಲೊಂದು ಪಾಲು) ಬರುತ್ತದೆ. ವರ್ಷಕ್ಕೆ ನೂರು ಇಂಚು ದಾಟುವ ಊರುಗಳು ಈ ಜಿಲ್ಲೆಯಲ್ಲಿ ಹಲವು. ನೂರು ಇಂಚೆಂದರೆ ಎಂಟು ಅಡಿ ನಾಲ್ಕು ಇಂಚು, ಅಂದರೆ ಹೆಚ್ಚುಕಡಿಮೆ ಜಗಲಿ ಗೋಡೆಯಷ್ಟೇ ಎತ್ತರ! ಒಂದು ಕಂಬದ ಮೇಲೆ ನಿಜವಾದ ಅಳತೆಯಲ್ಲಿ ಗುರುತು ಹಾಕಿ, ಅಂಗಳದ ಮಳೆಮಾಪಕ ನೋಡಿ ಮಕ್ಕಳೇ ದಿನವೂ ನೀಲಿ ಏರಿಸುತ್ತ ಹೋದರೆ, ನೀರು ಮೊಣಕಾಲು, ಸೊಂಟ, ತಲೆ ದಾಟುವುದನ್ನು ಅವರೇ ಕಾಣುತ್ತಾರೆ. ಪಕ್ಕದ ಗೋಡೆಯಲ್ಲಿ ಆ ನೀರು ಹೋಗುವ ದಾರಿ: ಮಾದಾಪುರ ಹೊಳೆ, ಹಾರಂಗಿ, ಕೂಡಿಗೆಯಲ್ಲಿ ಕಾವೇರಿ, ಆಮೇಲೆ ಸಮುದ್ರ. ಎಂಟುನೂರು ಕಿಲೋಮೀಟರ್ ಕಾವೇರಿಯನ್ನು ಇಪ್ಪತ್ತು ಮೀಟರಿಗೆ ಇಳಿಸಿದರೆ ಮೀಟರಿಗೆ ನಲವತ್ತು ಕಿಲೋಮೀಟರ್. ತೋಟದ ಲೈನುಗಳಿಂದ, ಅಂದರೆ ಕಾರ್ಮಿಕರ ಸಾಲುಮನೆಗಳಿಂದ, ಬರುವ ಮಕ್ಕಳ ಮನೆಮಾತು ಮಲಯಾಳ, ತಮಿಳು, ಅರೆಭಾಷೆ, ಈಗೀಗ ಅಸ್ಸಾಮಿ ಕೂಡ. ಕನ್ನಡ ಅಕ್ಷರ ಕೂಡಿಸಲು ತಡವರಿಸುವ ಮಗುವೂ ಹೊಳೆಯ ಮೇಲೆ ಬೆರಳಿಟ್ಟು ತನ್ನ ಲೈನು ಎಲ್ಲಿದೆ ಎಂದು ತೋರಿಸಬಲ್ಲದು.

ಬರೆಯುವವರು ಯಾರು? ಫ್ಲೆಕ್ಸ್ ಬಂದ ಮೇಲೆ ಕೈಕೆಲಸ ಕಳೆದುಕೊಂಡ ಬೋರ್ಡ್ ಪೇಂಟರುಗಳು ಪೇಟೆಗಳಲ್ಲಿ ಇನ್ನೂ ಇದ್ದಾರೆ. ನೂಲು ಹೊಡೆದು ಚೌಕ ಹಾಕಿ, ಅಂಗೈಯಗಲದ ಚಿತ್ರವನ್ನು ಗೋಡೆಯಗಲ ಮಾಡುವ ಕಸುಬು ಅವರದು. ಕಾಗುಣಿತ ಮಾತ್ರ ಮೇಷ್ಟ್ರು ನಿಂತು ನೋಡಬೇಕು. ಗೋಡೆ ಏರಿದ ತಪ್ಪು ಹತ್ತು ವರ್ಷ ಇಳಿಯುವುದಿಲ್ಲ. ಕೊಡಗಿನ ಗೋಡೆಗೆ ಥಂಡಿ ದೊಡ್ಡ ಶತ್ರು. ಒದ್ದೆ ಗೋಡೆಗೆ ಎನಾಮೆಲ್ ಬಳಿದರೆ ಒಳಗಿನ ನೀರು ಹೊರಬರಲಾಗದೆ ಬಣ್ಣ ಗುಳ್ಳೆಯೆದ್ದು ಸಿಪ್ಪೆಯಾಗಿ ಉದುರುತ್ತದೆ. ಆದ್ದರಿಂದ ಬೇಸಿಗೆ ರಜೆಯಲ್ಲಿ, ಗೋಡೆ ಚೆನ್ನಾಗಿ ಒಣಗಿದ ಮೇಲೆ, ಪಾಚಿ ಉಜ್ಜಿ ತೆಗೆದು, ಪ್ರೈಮರ್ ಕೊಟ್ಟು, ಹೊರಗೋಡೆಯ ಎಮಲ್ಷನ್ ಬಳಸುವುದು ಲೇಸು. ಎತ್ತರದ ವಿಷಯದಲ್ಲಿ ಬಹಳ ಕಡೆ ಎಡವುತ್ತಾರೆ: ನೋಡಲು ಬಂದ ಅತಿಥಿಯ ಕಣ್ಣಿಗೆ ಸರಿಯಾಗಿ ಐದಡಿಯಲ್ಲಿ ಚಿತ್ರ, ಒಂದನೇ ತರಗತಿಯ ಮಗುವಿನ ಕಣ್ಣಿರುವ ಮೂರಡಿಯಲ್ಲಿ ಬರೀ ಕಂದು ಪಟ್ಟಿ.

ಇನ್ನೊಂದು ಗೋಡೆಯನ್ನು ನಾನು ಗುಡ್ಡಕ್ಕೆ ಮೀಸಲಿಡುತ್ತಿದ್ದೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿ–ಮಾದಾಪುರ ನಡುವೆ ಬೆಟ್ಟಗಳು ಜಾರಿದವು, ರಸ್ತೆ ಕಡಿದುಹೋಯಿತು, ಆಮೇಲೆ ಸಂತ್ರಸ್ತರಿಗೆ ಹತ್ತಿರದ ಜಂಬೂರಿನಲ್ಲಿ ಹೊಸ ಮನೆಗಳು ಬಂದವು. ಈಗ ಕೆಳಗಿನ ತರಗತಿಗಳಲ್ಲಿ ಕೂತಿರುವವರು ಆಮೇಲೆ ಹುಟ್ಟಿದವರು. ಹೆದರಿಸುವ ದೃಶ್ಯ ಬೇಡ; ಗುಡ್ಡವನ್ನು ಸೀಳಿ ತೋರಿಸಿದ ಚಿತ್ರ ಸಾಕು. ಮೇಲೆ ಮರ ಮತ್ತು ಬೇರು, ಕೆಳಗೆ ಮಣ್ಣು, ಅದರಡಿ ಬಂಡೆ, ನಡುವೆ ಇಳಿಯುವ ನೀರು. ಪಕ್ಕದಲ್ಲಿ ಗಮನಿಸಬೇಕಾದ ಗುರುತುಗಳು: ನೆಲದಲ್ಲಿ ಹೊಸ ಬಿರುಕು, ವಾಲಿದ ಕರೆಂಟ್ ಕಂಬ, ಇದ್ದಕ್ಕಿದ್ದಂತೆ ಕೆಂಪಾದ ಒರತೆ. ಅದರ ಕೆಳಗೆ 112 ಎಂದು ದಪ್ಪಗೆ ಬರೆಯಲು ಜಾಗ ಬಿಡಲಿ. ದಾನಿಗಳ ಹೆಸರಿಗೆ ಕಾಂಪೌಂಡ್ ಗೋಡೆ ಹೇಗೂ ಖಾಲಿಯಿದೆ.