ಅಂಕಿ ನಿಜ, ಚಿತ್ರ ಸುಳ್ಳು: ಫಾರ್ವರ್ಡ್ ಆಗಿ ಬರುವ ಚಾರ್ಟುಗಳನ್ನು ಓದುವುದು ಹೇಗೆ?

ಮಳೆಗಾಲ ಶುರುವಾದರೆ ಸಾಕು, ಫ್ಯಾಮಿಲಿ ಗ್ರೂಪುಗಳಿಗೆ ಡೆಂಗಿ ಚಾರ್ಟುಗಳು ಬರತೊಡಗುತ್ತವೆ. ಎರಡು ಕೆಂಪು ಕಂಬಗಳು. ಕಳೆದ ವಾರದ್ದು ಗಿಡ್ಡ, ಈ ವಾರದ್ದು ಅದರ ಮೂರು ಪಟ್ಟು ಎತ್ತರ. ಕೆಳಗೆ ‘ತಕ್ಷಣ ಎಲ್ಲರಿಗೂ ಕಳಿಸಿ’ ಎಂಬ ಸಾಲು. ಅಂಕಿಗಳನ್ನು ಪರೀಕ್ಷಿಸಿದರೆ ಅವು ಸರಿಯಾಗಿಯೇ ಇರಬಹುದು. ಹಾಗಿದ್ದರೂ ಆ ಚಿತ್ರ ನಮ್ಮನ್ನು ದಾರಿ ತಪ್ಪಿಸಬಲ್ಲದು. ಹೇಗೆ ಎಂದು ನೋಡೋಣ.

ಒಂದು ಊರಿನ ಲೆಕ್ಕವನ್ನು ಊಹಿಸಿಕೊಳ್ಳಿ. ಕಳೆದ ವಾರ 980 ಜನರಿಗೆ ಜ್ವರ, ಈ ವಾರ 1,000 ಜನರಿಗೆ. ಹೆಚ್ಚಾಗಿದ್ದು 20, ಅಂದರೆ ಸುಮಾರು ಶೇ 2ರಷ್ಟು. ಕಂಬಗಳನ್ನು ಸೊನ್ನೆಯಿಂದ ಎಳೆದರೆ ಎರಡೂ ಹೆಚ್ಚುಕಡಿಮೆ ಒಂದೇ ಎತ್ತರ ಕಾಣುತ್ತವೆ. ಆದರೆ ಎಡಬದಿಯ ಅಳತೆಯನ್ನು 970ರಿಂದ ಶುರು ಮಾಡಿದರೆ? ಮೊದಲ ಕಂಬಕ್ಕೆ ಸಿಗುವುದು 10ರ ಎತ್ತರ, ಎರಡನೆಯದಕ್ಕೆ 30ರ ಎತ್ತರ. ಶೇ 2ರ ಏರಿಕೆ ಕಣ್ಣಿಗೆ ಮೂರು ಪಟ್ಟಾಗಿ ಕಾಣುತ್ತದೆ. ಸುಳ್ಳು ಸಂಖ್ಯೆ ಒಂದೂ ಇಲ್ಲ!

ಎಲ್ಲರೂ ಮೋಸ ಮಾಡಲೆಂದೇ ಹೀಗೆ ಮಾಡುತ್ತಾರೆ ಎನ್ನಲಾಗದು. ಹತ್ತಿರ ಹತ್ತಿರದ ಸಂಖ್ಯೆಗಳನ್ನು ಕೊಟ್ಟರೆ ಎಕ್ಸೆಲ್ ಕೆಲವೊಮ್ಮೆ ತಾನೇ ಸೊನ್ನೆಯನ್ನು ಬಿಟ್ಟು ಅಳತೆ ಶುರು ಮಾಡಿಬಿಡುತ್ತದೆ. ಚಾರ್ಟ್ ಮಾಡಿದವರು ಗಮನಿಸಿರುವುದಿಲ್ಲ, ನಾವೂ ಗಮನಿಸುವುದಿಲ್ಲ.

ಹಾಗಾದರೆ ಎಲ್ಲ ಚಾರ್ಟುಗಳೂ ಸೊನ್ನೆಯಿಂದಲೇ ಶುರುವಾಗಬೇಕೇ? ಇಲ್ಲ, ಇದೂ ಒಂದು ತಪ್ಪು ತಿಳಿವಳಿಕೆಯೇ. ಕಂಬವನ್ನು ನಾವು ಅದರ ಉದ್ದದಿಂದ ಓದುತ್ತೇವೆ, ಆದ್ದರಿಂದ ಕಂಬಕ್ಕೆ ಸೊನ್ನೆ ಬೇಕೇ ಬೇಕು. ಗೆರೆಯ ಗ್ರಾಫಿನಲ್ಲಿ ನಾವು ನೋಡುವುದು ಏರಿಳಿತವನ್ನು. ಮಗುವಿನ ಮೈಬಿಸಿ 98.6 ಡಿಗ್ರಿ ಫ್ಯಾರನ್‌ಹೀಟ್‌ನಿಂದ 103ಕ್ಕೆ ಏರಿದ್ದನ್ನು ಸೊನ್ನೆಯಿಂದ ಶುರುವಾಗುವ ಗ್ರಾಫಿನಲ್ಲಿ ಬರೆದರೆ ಗೆರೆ ಬಹುತೇಕ ಮಟ್ಟಸವಾಗಿ ಕಾಣುತ್ತದೆ, ಜ್ವರವೇ ಮಾಯ! 2015ರ ಡಿಸೆಂಬರಿನಲ್ಲಿ ಅಮೆರಿಕದ ‘ನ್ಯಾಷನಲ್ ರಿವ್ಯೂ’ ಪತ್ರಿಕೆ ಟ್ವಿಟ್ಟರಿನಲ್ಲಿ ಹಾಕಿದ ಭೂಮಿಯ ಸರಾಸರಿ ಉಷ್ಣತೆಯ ಗ್ರಾಫ್ ಇದೇ ಜಾತಿಯದು. ಅದರ ಅಳತೆ ಮೈನಸ್ 10ರಿಂದ 110 ಡಿಗ್ರಿ ಫ್ಯಾರನ್‌ಹೀಟ್‌ವರೆಗೆ ಇತ್ತು. ಅಷ್ಟು ಅಗಲದ ಅಳತೆಯೊಳಗೆ ಒಂದೆರಡು ಡಿಗ್ರಿಯ ಏರಿಕೆ ಕಾಣುವುದಾದರೂ ಎಲ್ಲಿ? ಹವಾಮಾನ ಬದಲಾಗಿಯೇ ಇಲ್ಲ ಎನ್ನುವವರಿಗೆ ಹೇಳಿ ಮಾಡಿಸಿದ ಚಿತ್ರ ಅದು.

ಇನ್ನು ಅಡಿಯಲ್ಲಿರುವ ದಿನಾಂಕಗಳ ವಿಷಯಕ್ಕೆ ಬರೋಣ. ಎಡದಿಂದ ಬಲಕ್ಕೆ ದಿನಗಳು ಕ್ರಮವಾಗಿ ಸಾಗುತ್ತವೆ ಎಂದು ನಾವು ನಂಬಿಯೇ ಬಿಟ್ಟಿರುತ್ತೇವೆ. 2020ರ ಮೇ ತಿಂಗಳಿನಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಆರೋಗ್ಯ ಇಲಾಖೆಯ ವೆಬ್‌ಸೈಟಿನಲ್ಲಿ ಒಂದು ಕೋವಿಡ್ ಚಾರ್ಟ್ ಇತ್ತು. ಹೆಚ್ಚು ಸೋಂಕಿದ್ದ ಐದು ಕೌಂಟಿಗಳ (ನಮ್ಮ ಜಿಲ್ಲೆಗಳಂತೆ) ಎರಡು ವಾರಗಳ ಲೆಕ್ಕ ಅದು. ಎಡದಲ್ಲಿ ಎತ್ತರದ ಕಂಬಗಳು, ಬಲಕ್ಕೆ ಹೋದಂತೆ ಮೆಟ್ಟಿಲಿನ ಹಾಗೆ ಇಳಿಕೆ. ಸೋಂಕು ಇಳಿಯುತ್ತಿದೆ ಎಂದು ಯಾರಿಗಾದರೂ ಅನ್ನಿಸಬೇಕು. ಆದರೆ ಕೆಳಗಿನ ಸಣ್ಣ ಅಕ್ಷರಗಳನ್ನು ಓದಿದರೆ ಏಪ್ರಿಲ್ 28 ಆದಮೇಲೆ ಏಪ್ರಿಲ್ 27, ಆಮೇಲೆ 29, ಅದರ ಮುಂದೆ ಮೇ 1, ನಂತರ ಮತ್ತೆ ಏಪ್ರಿಲ್ 30! ದಿನಗಳನ್ನು ಕ್ಯಾಲೆಂಡರಿನಂತೆ ಜೋಡಿಸದೆ ಸೋಂಕು ಹೆಚ್ಚಿದ್ದ ದಿನದಿಂದ ಕಡಿಮೆಯ ದಿನಕ್ಕೆ ಜೋಡಿಸಲಾಗಿತ್ತು. ಪ್ರತಿ ದಿನದೊಳಗೂ ಕೌಂಟಿಗಳ ಸ್ಥಾನ ಅದಲು ಬದಲಾಗುತ್ತಿತ್ತು. ಹೀಗೆ ಜೋಡಿಸಿದರೆ ಯಾವ ಊರಿನ ಲೆಕ್ಕವಾದರೂ ಇಳಿಜಾರಿನಂತೆಯೇ ಕಾಣುತ್ತದೆ.

ಲಾಕ್‌ಡೌನ್ ಸಡಿಲಿಸಲು ಶುರು ಮಾಡಿ ಕೆಲವೇ ವಾರಗಳಾಗಿದ್ದ ರಾಜ್ಯವದು. ಅಂಗಡಿ ತೆರೆಯಬೇಕೇ, ಹೊರಗೆ ಹೋಗಬೇಕೇ ಎಂದು ಜನ ಇಂಥ ಚಿತ್ರ ನೋಡಿಯೇ ತೀರ್ಮಾನಿಸುತ್ತಿದ್ದ ಕಾಲ. ಜನ ಎತ್ತಿ ತೋರಿಸಿದ ಮೇಲೆ ಸರ್ಕಾರದ ಕಡೆಯವರು ಕ್ಷಮೆ ಕೇಳಿದರು, ಚಾರ್ಟ್ ಸರಿಯಾಯಿತು.

ಅಳತೆಯನ್ನೇ ತಲೆಕೆಳಗು ಮಾಡಿದ ಉದಾಹರಣೆಯೂ ಇದೆ. 2014ರಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ಫ್ಲಾರಿಡಾದಲ್ಲಿ ಗುಂಡೇಟಿಗೆ ಸತ್ತವರ ಗ್ರಾಫ್ ಪ್ರಕಟಿಸಿತು. ಅದರಲ್ಲಿ ಸೊನ್ನೆ ಮೇಲ್ಗಡೆ ಇತ್ತು, ಕೆಂಪು ಬಣ್ಣ ರಕ್ತದಂತೆ ಕೆಳಕ್ಕೆ ಇಳಿಯುತ್ತಿತ್ತು. ಆತ್ಮರಕ್ಷಣೆಗೆ ಗುಂಡು ಹಾರಿಸುವುದನ್ನು ಸುಲಭ ಮಾಡಿದ 2005ರ ಕಾನೂನಿನ ಬಳಿಕ ಸಾವು ಹೆಚ್ಚಾಗಿತ್ತು. ಆದರೆ ಗ್ರಾಫ್ ನೋಡಿದ ಬಹಳ ಜನ ಸಾವು ಇಳಿದಿದೆ ಎಂದೇ ತಿಳಿದರು. ಮಾಡಿದವರಿಗೆ ಮೋಸದ ಉದ್ದೇಶವಿರಲಿಲ್ಲ, ಪರಿಣಾಮ ಮಾತ್ರ ಅದೇ.

ನಕ್ಷೆಗಳ ಕಥೆ ಇನ್ನೊಂದು. ಕರ್ನಾಟಕದ ನಕ್ಷೆಯಲ್ಲಿ ಜಿಲ್ಲೆಗಳಿಗೆ ಬಣ್ಣ ಹಚ್ಚಿ ‘ಎಲ್ಲಿ ರೋಗ ಹೆಚ್ಚು’ ಎಂದು ತೋರಿಸುವ ಚಿತ್ರಗಳನ್ನು ಕೋವಿಡ್ ಕಾಲದಲ್ಲಿ ನಾವೆಲ್ಲ ನೋಡಿದ್ದೇವೆ. 2011ರ ಜನಗಣತಿಯಂತೆ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ ಸುಮಾರು 96 ಲಕ್ಷ, ಉತ್ತರ ಕನ್ನಡದ್ದು ಸುಮಾರು 14 ಲಕ್ಷ. ಎರಡರಲ್ಲೂ 500 ಜನರಿಗೆ ಒಂದು ಕಾಯಿಲೆ ಬಂದಿದೆ ಎಂದುಕೊಳ್ಳಿ. ಬರೀ ಸಂಖ್ಯೆ ನೋಡಿ ಬಣ್ಣ ಹಚ್ಚಿದರೆ ಎರಡಕ್ಕೂ ಒಂದೇ ಬಣ್ಣ. ಲಕ್ಷಕ್ಕೆ ಎಷ್ಟು ಎಂದು ಲೆಕ್ಕ ಹಾಕಿದರೆ ಬೆಂಗಳೂರಿನಲ್ಲಿ ಸುಮಾರು 5, ಉತ್ತರ ಕನ್ನಡದಲ್ಲಿ ಸುಮಾರು 35. ಕಾಯಿಲೆಯ ಒತ್ತಡ ಏಳು ಪಟ್ಟು ಹೆಚ್ಚಿರುವುದು ಕಾರವಾರ, ಶಿರಸಿಯ ಕಡೆಗೆ. ಬರೀ ಸಂಖ್ಯೆಯ ನಕ್ಷೆಗಳಲ್ಲಿ ಬೆಂಗಳೂರು ಯಾವಾಗಲೂ ಕಡುಗೆಂಪಾಗಿರುತ್ತದೆ. ಅಲ್ಲಿ ಜನವೇ ಹೆಚ್ಚು, ಅಷ್ಟೇ. ‘ಲಕ್ಷ ಜನರಿಗೆ’ ಅಥವಾ ‘ಸಾವಿರಕ್ಕೆ’ ಎಂಬ ಪದ ನಕ್ಷೆಯ ಮೇಲೆ ಇದೆಯೇ ಎಂದು ಹುಡುಕಿ. ಇಲ್ಲದಿದ್ದರೆ ನೀವು ನೋಡುತ್ತಿರುವುದು ಬಹುಪಾಲು ಜನಸಂಖ್ಯೆಯ ನಕ್ಷೆಯನ್ನೇ.

ಇವೆಲ್ಲಕ್ಕಿಂತ ಹೆಚ್ಚಿನ ಹಾನಿ ಮಾಡುವುದು ನಮ್ಮದೇ ಸ್ಕ್ರೀನ್‌ಶಾಟ್ ಎಂಬುದು ನಮ್ಮ ಅನಿಸಿಕೆ. ವೆಬ್‌ಸೈಟಿನಲ್ಲಿರುವ ಒಳ್ಳೆಯ ಚಾರ್ಟಿನಲ್ಲಿ ಕಂಬವನ್ನು ಮುಟ್ಟಿದರೆ ನಿಖರ ಸಂಖ್ಯೆ ಕಾಣುತ್ತದೆ. ಅಡಿಯಲ್ಲಿ ಮಾಹಿತಿ ಎಲ್ಲಿಂದ ಬಂತು, ಯಾವ ದಿನದ್ದು ಎಂದು ಬರೆದಿರುತ್ತದೆ. ಸ್ಕ್ರೀನ್‌ಶಾಟ್ ತೆಗೆದು, ‘ನೀಟಾಗಿ’ ಕಾಣಲೆಂದು ಅಂಚು ಕತ್ತರಿಸಿದಾಗ ಮೊದಲು ಹೋಗುವುದೇ ಎಡಗಡೆಯ ಅಳತೆ ಮತ್ತು ಕೆಳಗಿನ ದಿನಾಂಕ. ಉಳಿಯುವುದು ಬರೀ ಬಣ್ಣದ ಕಂಬಗಳು. ಮೂಲ ಪುಟದಲ್ಲಿ ತಪ್ಪು ತಿದ್ದಿದರೂ ಫೋನಿನಿಂದ ಫೋನಿಗೆ ಹೋಗುವ ಚಿತ್ರದಲ್ಲಿ ತಿದ್ದುಪಡಿ ಆಗುವುದಿಲ್ಲ. ಆದ್ದರಿಂದ ಗ್ರೂಪಿಗೆ ಅಂಚಿಲ್ಲದ ಚಾರ್ಟ್ ಬಂದರೆ ಕಳಿಸಿದವರನ್ನು ಒಂದು ಮಾತು ಕೇಳಿ: ‘ಇದರ ಲಿಂಕ್ ಇದೆಯಾ?’ ನೀವೇ ಕಳಿಸುವಾಗಲೂ ಚಿತ್ರದ ಬದಲು ಲಿಂಕನ್ನೇ ಕಳಿಸಿ. ಚಿತ್ರ ಕಳಿಸಲೇಬೇಕಾದರೆ ಅಂಚು ಕತ್ತರಿಸಬೇಡಿ.