ಕಾಸ್ಮಾಸ್ ಬರೆದ ‘ಕಲ್ಲಿಯಾನ’ ಉಡುಪಿಯ ಕಲ್ಯಾಣಪುರವೇ? ಪ್ರಾಚೀನ ದಾಖಲೆ ಹೇಳುವುದೇನು?

ಅಲೆಕ್ಸಾಂಡ್ರಿಯಾದ ವರ್ತಕ ಕಾಸ್ಮಾಸ್ ಕ್ರಿ.ಶ. 550ರ ಸುಮಾರಿಗೆ ಬರೆದ ಗ್ರೀಕ್ ಕೃತಿ, ಭಾರತದ ಆರಂಭಿಕ ಕ್ರೈಸ್ತರ ಕುರಿತ ಮಹತ್ವದ ದಾಖಲೆ. ಕಾಳುಮೆಣಸು ಬೆಳೆಯುವ ‘ಮಲೆ’ಯಲ್ಲಿ (ಮಲಬಾರ್) ಚರ್ಚ್ ಇದೆ, ‘ಕಲ್ಲಿಯಾನ’ದಲ್ಲಿ ಪರ್ಷಿಯಾದಿಂದ ನೇಮಕವಾದ ಬಿಷಪ್ ಇದ್ದಾರೆ ಎಂದು ಅದರಲ್ಲಿದೆ. ಈ ಕಲ್ಲಿಯಾನ ಉಡುಪಿ ಬಳಿಯ ಕಲ್ಯಾಣಪುರವೇ ಎಂಬ ವಾದವಿದೆ.

ಆದರೆ ಆತನ ಬಂದರು ಪಟ್ಟಿ ಉತ್ತರದಿಂದ ದಕ್ಷಿಣಕ್ಕೆ ಸಾಗುತ್ತದೆ. ಸಿಂಧ್, ಸೌರಾಷ್ಟ್ರ ಎನ್ನಲಾಗುವ ಒರ್ಹೋಥಾ, ಕಲ್ಲಿಯಾನ, ಚೌಲ್ ಎನ್ನಲಾಗುವ ಸಿಬೋರ್, ಬಳಿಕ ಮಂಗಳೂರು. ಹೀಗಾಗಿ ಮುಂಬೈ ಬಳಿಯ ಕಲ್ಯಾಣವೇ ಹೆಚ್ಚು ಹೊಂದುತ್ತದೆ.

ಭೂಮಿ ಚಪ್ಪಟೆ ಎಂದು ವಾದಿಸಿದ್ದೂ ಇದೇ ಕಾಸ್ಮಾಸ್. ಅದು ನಂಬಿಕೆ; ಬಂದರುಗಳ ವಿವರ ವ್ಯಾಪಾರಿಯ ತಿಳಿವಳಿಕೆ. ಆರನೇ ಶತಮಾನದಲ್ಲಿ ಪಶ್ಚಿಮ ಕರಾವಳಿಯಲ್ಲಿ ಕ್ರೈಸ್ತರಿದ್ದರು ಎಂಬುದಕ್ಕೆ ಈ ಕೃತಿ ಗಟ್ಟಿ ಸಾಕ್ಷ್ಯ. ಸಂತ ಥಾಮಸ್ ಕ್ರಿ.ಶ. 52ರಲ್ಲಿ ಬಂದರು ಎಂಬ ನಂಬಿಕೆಗೆ ಮಾತ್ರ ಅಲ್ಲ.